ಮುಂದಿನ ಚೂರು ಡಾಕೆಟ್‌ನ ಹತ್ತಿರ

ಸೈಲಸ್ ಟಬ್‌ನ ಮಂಗಳವಾರ ಕೆಟ್ಟದ್ದು ಗೇಣುದ್ದದ ಒಂದು ಕಾಗದದ ಚೂರಿನಿಂದ.

ಲಂಡನ್ನಿನ ಓಣಿಯೊಂದರ ಅಚ್ಚುಕೂಟದಲ್ಲಿ ಅವನು ಹದಿನೆಂಟು ವರ್ಷದಿಂದ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದ. ನಲವತ್ತು ದಾಟಿದ್ದರೂ ಅವನ ಸರಸವೆಲ್ಲ ಸೀಸದ ಜತೆಗೇ. ವಾರಪತ್ರಿಕೆಯ ಧಾರಾವಾಹಿ ಬಂದ ದಿನ ಮೇಸ್ತ್ರಿ ಗ್ರಿಂಬಲ್, ಕೆಲಸ ಬೇಗ ಮುಗಿಯಲೆಂದು, ಹಸ್ತಪ್ರತಿಯನ್ನು ಕತ್ತರಿಸಿ ಒಬ್ಬೊಬ್ಬನಿಗೆ ಒಂದೊಂದು ಚೂರು ಹಂಚುತ್ತಿದ್ದ. ಹೀಗಾಗಿ ನಾಯಕಿ ಒಬ್ಬನ ಕೈಯಲ್ಲಿ ಮೂರ್ಛೆ ಹೋದರೆ ಇನ್ನೊಬ್ಬನ ಕೈಯಲ್ಲಿ ಏಳುತ್ತಿದ್ದಳು.

ಆ ದಿನದ ಚೂರು ನೋಡುತ್ತಲೇ ಸೈಲಸ್‌ನ ಕೈ ನಿಂತಿತು. ‘ಟಿ’ ಅಕ್ಷರದ ನೆತ್ತಿಗೆ ಕೊಡೆ ಹಿಡಿದಂಥ ಆ ಗೆರೆ ಅವನಿಗೆ ಚೆನ್ನಾಗಿ ಗೊತ್ತು. "ಮಿಸ್ಟರ್ ಟಬ್, ಕಾಲುಚೀಲ ಮೂರು, ತೂತು ನಾಲ್ಕು" ಎಂದು ಮೂರು ವರ್ಷದಿಂದ ಅವನ ಒಗೆಬಟ್ಟೆಯ ಗಂಟಿಗೆ ಚೀಟಿ ಸಿಕ್ಕಿಸುತ್ತಿದ್ದ ಕೈ ಅದು. ಅವನಿದ್ದ ಮನೆಯ ಒಡತಿಯ ಮಗಳು ಲೆಟಿಯದು. ಆ ಚೀಟಿಗಳನ್ನೆಲ್ಲ ಅವನು ಪ್ರಾರ್ಥನೆ ಪುಸ್ತಕದೊಳಗೆ ಕಾಪಾಡಿದ್ದ. ಬಾಯಿ ಮಾತ್ರ ಬಿಟ್ಟಿರಲಿಲ್ಲ. ಒಡತಿ, ವಿಧವೆ ಪಾರ್ಜಿಟರಮ್ಮನ ಕಟ್ಟಳೆ ಗೋಡೆಯ ಮೇಲೇ ತೂಗುತ್ತಿತ್ತು: ಬಾಡಿಗೆದಾರರಿಗೂ ಮನೆಯವರಿಗೂ ಪ್ರೇಮ ಕೂಡದು, ಕಂಡುಬಂದರೆ ಅದೇ ಸಂಜೆ ಪೆಟ್ಟಿಗೆ ಬೀದಿಗೆ.

ಚೂರಿನಲ್ಲಿ ಹೀಗಿತ್ತು: "ಕಟ್ಟಳೆ ಏನೇ ಇರಲಿ, ಮೆಟ್ಟಿಲ ಮೇಲೆ ಆ ಬಾಡಿಗೆದಾರನ ಹೆಜ್ಜೆ ಕೇಳಿದೊಡನೆ ಅವಳ ಕೈಯ ಟೀ ಬಟ್ಟಲು ಗಲಗಲ ನಡುಗುತ್ತಿತ್ತು. ದಿನವಿಡೀ ದುಡಿವ ಆ ಬೆರಳುಗಳನ್ನು"

ಅಲ್ಲಿಗೆ ಕತ್ತರಿ.

ಆ ಮನೆಯಲ್ಲಿ ಬಾಡಿಗೆದಾರರು ಇಬ್ಬರೇ. ಒಬ್ಬ ತಾನು. ಇನ್ನೊಬ್ಬ ಮಹಡಿಯ ಫೆನ್, ನಾಟಕಶಾಲೆಯಲ್ಲಿ ಕೊಳಲೂದುವವನು, ಮೀಸೆಗೆ ಮೇಣ ಹಚ್ಚುವವನು. ದುಡಿವ ಬೆರಳು ಎಂದರೆ ಮೊಳೆ ಹೆಕ್ಕುವ ತನ್ನದೋ, ಕೊಳಲಿನ ಮೇಲೆ ಆಡುವ ಅವನದೋ? ಮುಂದಿನ ಚೂರು ಪಕ್ಕದ ಡಾಕೆಟ್‌ನ ಹತ್ತಿರವಿತ್ತು. ಡಾಕೆಟ್ಟೋ, ಪಾದ್ರಿಯಿಂದ ಹಿಡಿದು ಪಾರಿವಾಳದವರೆಗೆ ಯಾರ ದನಿಯನ್ನಾದರೂ ಅಣಕಿಸುವ ಆಸಾಮಿ.

"ಒಂದ್ಸಲ ತೋರಿಸೋ."

"ನಿನ್ನ ಊಟದ ಮಾಂಸದ ಕಡುಬು ಈ ಕಡೆ ಬರ್ಲಿ. ತೋರಿಸೋದೇನು, ಓದೇ ಹೇಳ್ತೀನಿ."

ದಿನಾ ಬೆಳಗ್ಗೆ ಕೋಟಿನ ಜೇಬಿಗೆ ಬಂದಿರುತ್ತಿದ್ದ ಕಡುಬು ಹೋಯಿತು. ಡಾಕೆಟ್ ಎದೆಯ ಮೇಲೆ ಕೈಯಿಟ್ಟು ಹೆಣ್ಣುದನಿ ತೆಗೆದ: "ತನ್ನ ಕೆನ್ನೆಗೆ ಒತ್ತಿಕೊಳ್ಳುವ ಆಸೆ ಅವಳಿಗೆ. ಆ ಇನ್ನೊಬ್ಬಳು ಅವನತ್ತ ನೋಡಿ ನಕ್ಕರೂ ಇವಳ ಎದೆ ಉರಿಯುತ್ತಿತ್ತು. ಪ್ರತಿ ಬೆಳಗ್ಗೆ ಅವನಿಗೆಂದೇ ದೊಡ್ಡ ಮೊಟ್ಟೆಯನ್ನು ಆರಿಸಿ"

ಮತ್ತೆ ಕತ್ತರಿ.

ಇನ್ನೊಬ್ಬ ಹೆಣ್ಣು ನೋಡಿ ನಗುವುದೆಂದರೆ ಅದು ಫೆನ್‌ನೇ ಇರಬೇಕು. ಹೊಟ್ಟೆ ಖಾಲಿಯಿದ್ದುದರಿಂದ ಕಿಚ್ಚಿಗೆ ಜಾಗ ಧಾರಾಳವಾಗಿತ್ತು. ಫೆನ್‌ನ ಮೀಸೆಯನ್ನು ಮನಸ್ಸಿನಲ್ಲೇ ಕೀಳುತ್ತಿದ್ದ ಸೈಲಸ್‌ನ ಮೊಣಕೈ ಮೊಳೆಪೆಟ್ಟಿಗೆಗೆ ತಗುಲಿ, ಸಾವಿರಾರು ಅಕ್ಷರಗಳು ಆಲಿಕಲ್ಲಿನಂತೆ ನೆಲಕ್ಕೆ ಸುರಿದವು. ಮಧ್ಯಾಹ್ನವಿಡೀ ಅವನು ಮಂಡಿಯೂರಿ ಅಕ್ಷರ ಹೆಕ್ಕಿದ. ಗ್ರಿಂಬಲ್ ಬೆನ್ನ ಹಿಂದೆ ನಿಂತು ಅವನ ವಂಶದ ಬಗ್ಗೆ ಮಾತಾಡಿದ. ಕೊನೆಗೆ ತಡೆಯಲಾರದೆ ಸೈಲಸ್ ಲೆಟಿಯ ವಿಷಯವನ್ನೆಲ್ಲ ಹೇಳಿಬಿಟ್ಟ.

ನಾಲ್ಕು ಗಂಟೆಗೆ ಚೂರುಗಳೆಲ್ಲ ಒಂದಾಗಿ ಅಚ್ಚಿನ ಕರಡು ಬಂತು. ಇಡೀ ಅಚ್ಚುಕೂಟ ಅದರ ಮೇಲೆ ಬಗ್ಗಿತು. ಮೊಟ್ಟೆಯ ಸಾಲಿನ ಮುಂದೆ ಹೀಗಿತ್ತು: "ಇಡುತ್ತಿದ್ದಳು. ಸೀಸದಿಂದ ಕಪ್ಪಾದ ಬೆರಳು, ನುಣ್ಣನೆಯ ನೆತ್ತಿ, ತೂತು ಬಿದ್ದ ಕಾಲುಚೀಲ. ಅವಳ ಕಣ್ಣಿಗೆ ಲೋಕದಲ್ಲಿ ಅವನಿಗಿಂತ ಚೆಲುವನಿರಲಿಲ್ಲ."

"ಲೋ ಟಬ್ಬು, ಇದು ನೀನೇ ಕಣೋ," ಎಂದ ಗ್ರಿಂಬಲ್, ವಂಶದ ಮಾತು ಮರೆತು.

ಆಮೇಲೆ ಎಲ್ಲರೂ ಹುಡುಗನ ಕಡೆಯವರಾದರು. ಗ್ರಿಂಬಲ್ ತನ್ನ ಭಾನುವಾರದ ಟೋಪಿ ಕೊಟ್ಟ. ಒಬ್ಬ ಇಲ್ಲದ ಕೂದಲಿಗೆ ಎಣ್ಣೆ ಹಚ್ಚಿದ. ಡಾಕೆಟ್ ಲೆಟಿಯಾಗಿ ನಿಂತು ಹನ್ನೆರಡು ಸಲ ಮದುವೆಗೆ ಒಪ್ಪಿದ.

ದೀಪ ಹಚ್ಚುವ ಹೊತ್ತಿಗೆ ಸೈಲಸ್ ಒಂದು ಹಿಡಿ ನೀಲಿ ಹೂವಿನೊಂದಿಗೆ ಅಡುಗೆಮನೆಯಲ್ಲಿ ಲೆಟಿಯ ಮುಂದೆ ಮಂಡಿಯೂರಿದ. ಮಧ್ಯಾಹ್ನದ ಅಭ್ಯಾಸ ಇತ್ತಲ್ಲ.

"ನಿಮ್ಮ ಕತೆ ಓದ್ದೆ, ಲೆಟಿ. ನಂಗೂ ಹಾಗೇ."

ಲೆಟಿ ನಗಲು ಹೋಗಿ, ಅವನ ಮುಖ ನೋಡಿ ತಡೆದುಕೊಂಡಳು.

"ಅಯ್ಯೋ, ಮಿಸ್ಟರ್ ಟಬ್. ಬರೆದ ಕೈ ಮಾತ್ರ ನಂದು. ಅಮ್ಮಂಗೆ ಕಣ್ಣು ಮಂಜಲ್ವಾ, ಅವರು ಹೇಳ್ತಾರೆ, ನಾನು ಬರ್ಕೋತೀನಿ. ನಗೋ ಆ ಇನ್ನೊಬ್ಬಳಿದಾಳಲ್ಲ, ಅದು ನಾನು. ಆ ಕಟ್ಟಳೆ ಯಾಕೆ ಹಾಕಿದ್ರು ಅಂತ ಬರೀತಾ ಬರೀತಾನೇ ನಂಗೂ ಗೊತ್ತಾಗಿದ್ದು." ಆಮೇಲೆ ಅವನ ಕಿವಿಗೆ ಬಗ್ಗಿ ಪಿಸುಗುಟ್ಟಿದಳು: "ನಂಗೂ ಫೆನ್‌ಗೂ ಮದುವೆ ಮಾತಾಗಿದೆ. ಅಮ್ಮಂಗೆ ಹೇಳ್ಬೇಡಿ."

ಬಾಗಿಲ ಕಡೆ ಗಲಗಲ ಸದ್ದಾಯಿತು. ಪಾರ್ಜಿಟರಮ್ಮ ಟೀ ಬಟ್ಟಲು ಹಿಡಿದು ನಿಂತಿದ್ದಳು. ಮಂಜುಗಣ್ಣಿಗೆ ಹೂವು ಕಂಡಿತೋ ಇಲ್ಲವೋ, ಮಂಡಿಯೂರಿದ್ದು ಕಂಡಿತು. ಯಾರ ಮುಂದೆ ಎಂಬುದೂ ಕಂಡಿತು.

"ಏಳಿ, ಮಿಸ್ಟರ್ ಟಬ್. ನೆಲ ತಣ್ಣಗಿದೆ," ಎಂದಳು ಮೆಲ್ಲಗೆ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಸದ್ದು ನಿಲ್ಲಿಸಿಕೊಂಡ ಮೇಲೆ, ಕಟ್ಟಳೆ ಎಲ್ಲರಿಗೂ ಒಂದೇ ಎಂದು ನೆನಪಿಸಿದಳು.

ಪೆಟ್ಟಿಗೆ ಬೀದಿಗೆ ಬಂತು.

ಡಾಕೆಟ್‌ನ ಅಟ್ಟದಲ್ಲಿ ಮಲಗಿ ಸೈಲಸ್ ಒಂದು ವಾರ ಯೋಚಿಸಿದ. ಮೂರು ವರ್ಷ ತಾನು ತಿಂದ ದೊಡ್ಡ ಮೊಟ್ಟೆಗಳನ್ನೆಲ್ಲ ನೆನೆದ. ಲೆಟಿಯ ಚೀಟಿಗಳನ್ನು ತೆಗೆದು ಓದಿದರೆ, ಅವು ಬರೀ ಒಗೆಬಟ್ಟೆಯ ಪಟ್ಟಿಗಳಾಗಿದ್ದವು. ಕಿವಿಯಲ್ಲಿ ಉಳಿದದ್ದು ಆ ಗಲಗಲ ಒಂದೇ.

ಮುಂದಿನ ಮಂಗಳವಾರ ಗ್ರಿಂಬಲ್ ಕೊಟ್ಟ ಚೂರಿನಲ್ಲಿ ಕೊಡೆ ಹಿಡಿದ ಗೆರೆ ಇರಲಿಲ್ಲ. ಮಗಳ ಕೈಯಲ್ಲಿ ಬರೆಸಲು ಮನಸ್ಸಾಗಲಿಲ್ಲವೋ ಏನೋ, ಕುಂಬಳಕಾಯಿ ಗಾತ್ರದ ಅಕ್ಷರಗಳು ಸಾಲು ತಪ್ಪಿ ಉರುಳಿದ್ದವು: "ಅವನು ಮರೆತುಹೋದ ಒಂಟಿ ಕಾಲುಚೀಲ ಬುಟ್ಟಿಯಲ್ಲಿ ಉಳಿದಿತ್ತು. ತಡವಿ ತಡವಿ ಅವಳು ಅದರ ತೂತು ಹೊಲಿದಳು. ಅವನೇ ಬಂದು ಕೇಳಿದರೆ, ಅವಳು"

ಸೈಲಸ್ ಪಕ್ಕಕ್ಕೆ ತಿರುಗಿದ. ಡಾಕೆಟ್ ತನ್ನ ಚೂರನ್ನು ಎದೆಗೊತ್ತಿಕೊಂಡು ಇನ್ನೊಂದು ಕೈ ಚಾಚಿದ್ದ.

"ಕಡುಬು?"

ಸೈಲಸ್ ಕೋಟಿನ ಜೇಬು ತಡವಿದ. ಈ ವಾರವೆಲ್ಲ ಅದು ಖಾಲಿಯೇ ಇತ್ತು. ಮೂರು ವರ್ಷ ದಿನಾ ಬೆಳಗ್ಗೆ ಅದರಲ್ಲಿ ಬೆಚ್ಚಗೆ ಕಡುಬು ಇಡುತ್ತಿದ್ದ ಕೈ ಯಾವುದೆಂದು ಅವನಿಗೆ ಹೊಳೆದದ್ದು ಆಗಲೇ.