ಕರಿ ಅಂಗಿ, ಬಿಳಿ ಅಂಗಿ

ಫೋಟೊಗ್ರಾಫರ್ ಸೆಕೆಂಡ್‌ನ ನೆಮ್ಮದಿ ಕೆಟ್ಟದ್ದು ಶುಕ್ರವಾರ ಸಂಜೆ ಬಂದ ಎರಡು ಸಾಲಿನ ಮೆಸೇಜಿನಿಂದ. "ನಾಳೆ ಕೆಲಸ ಸಂಜೆ ನಾಲ್ಕಕ್ಕಲ್ಲ, ಬೆಳಿಗ್ಗೆ ಹತ್ತಕ್ಕೆ. ವಿಳಾಸ ಕೆಳಗಿದೆ." ಕಳಿಸಿದವರು ಮೇಡಂ. ವಿಳಾಸ ಓದಿದವನೇ ಅವನು ಮಂಚದ ಮೇಲೆ ಕುಸಿದು ಕೂತ. ಅದೇ ವಿಳಾಸಕ್ಕೆ, ಅದೇ ಹತ್ತು ಗಂಟೆಗೆ ಬಾ ಎಂದು ಗಡ್ಡದ ಸಾರ್ ಬುಧವಾರವೇ ಹೇಳಿದ್ದರು.

ಮದುವೆಯ ಫೋಟೊ ತೆಗೆಯುವವರಲ್ಲಿ ಮುಖ್ಯ ಕ್ಯಾಮೆರಾ ಒಬ್ಬರದು. ವಧೂವರರ ಮುಖ ಅವರ ಪಾಲು. ಇನ್ನೊಬ್ಬ ಸೆಕೆಂಡ್; ಕಣ್ಣೊರೆಸಿಕೊಳ್ಳುವ ಅಪ್ಪ, ಮುನಿಸಿಕೊಂಡ ಚಿಕ್ಕಪ್ಪ, ಕುರ್ಚಿಯಲ್ಲೇ ನಿದ್ದೆ ಹೋದ ನೆಂಟ ಅವನ ಪಾಲು. ನಮ್ಮವನು ಏಳು ವರ್ಷದಿಂದ ಸೆಕೆಂಡ್, ಅದೂ ಇಬ್ಬರಿಗೆ. ಗಡ್ಡದ ಸಾರ್ ತಂಡಕ್ಕೆ ಕರಿ ಅಂಗಿ, ಮೇಡಂ ತಂಡಕ್ಕೆ ಬಿಳಿ ಅಂಗಿ. ಇವನು ತಮ್ಮೊಬ್ಬರ ಬಳಿಯೇ ಕೆಲಸ ಮಾಡುತ್ತಾನೆಂದು ಇಬ್ಬರೂ ನಂಬಿದ್ದರು. ಶನಿವಾರದ ಕೆಲಸ ಚೆನ್ನಾಗಿ ಮಾಡಿದರೆ ಮುಂದಿನ ತಿಂಗಳಿಂದ ಮುಖ್ಯ ಕ್ಯಾಮೆರಾ, ತಪ್ಪಿಸಿಕೊಂಡರೆ ಮತ್ತೆ ಮುಖ ತೋರಿಸಬೇಡ ಎಂದು ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದರು.

"ಒಬ್ರಿಗೆ ಜ್ವರ ಅಂತ ಹೇಳ್ಬಿಡಿ," ಎಂದಳು ಹೆಂಡತಿ.

"ಜ್ವರ ಬಂದೋನು ಅದೇ ಹಾಲ್‌ನಲ್ಲಿ ಓಡಾಡ್ತಾ ಸಿಕ್ಕಿದ್ರೆ?"

"ಹಾಗಾದ್ರೆ ಎರಡೂ ಅಂಗಿ ಇಸ್ತ್ರಿ ಮಾಡ್ತೀನಿ. ನಾಳೆ ಮಾತ್ರ ಮುಖ್ಯ ಕ್ಯಾಮೆರಾ ಆಗೇ ಮನೆಗೆ ಬರ್ಬೇಕು. 'ಇನ್ನೂ ಸೆಕೆಂಡೇನಾ?' ಅಂತ ನಮ್ಮಕ್ಕ ಕೇಳಿ ಕೇಳಿ ನನಗೆ ಸಾಕಾಗಿದೆ."

ಮದುವೆ ಒಂದೇ. ಹೆಣ್ಣಿನ ಕಡೆಯವರು ಗಡ್ಡದ ಸಾರ್‌ಗೆ ಹೇಳಿದ್ದರು. ಅವರ ಫೋಟೊಗಳಲ್ಲಿ ತಾವೆಲ್ಲ ಮೂಲೆಗೆ ಬೀಳುತ್ತೇವೆ ಎಂಬ ಗುಮಾನಿಯಿಂದ ಗಂಡಿನ ಕಡೆಯವರು ಮೇಡಂ ಅವರನ್ನು ಕರೆಸಿದ್ದರು. ವಧುವಿನ ಕೋಣೆಯಿಂದ ವರನ ಕೋಣೆಗೆ ನಲವತ್ಮೂರು ಹೆಜ್ಜೆ. ಇಪ್ಪತ್ತೊಂದನೆಯ ಹೆಜ್ಜೆಗೆ ಮಡಚುವ ಕುರ್ಚಿಗಳನ್ನು ಪೇರಿಸಿಟ್ಟ ಉಗ್ರಾಣ. ಸೆಕೆಂಡ್ ಅಲ್ಲಿ ಅಂಗಿ ಬದಲಿಸಿದ. ಕ್ಯಾಮೆರಾದ ಮೆಮೊರಿ ಕಾರ್ಡನ್ನೂ ಬದಲಿಸಿದ. ಮೊದಲ ಸಲ ಎರಡು ನಿಮಿಷ ಹಿಡಿಯಿತು. ಆರನೆಯ ಸಲಕ್ಕೆ ಅರ್ಧ ನಿಮಿಷ ಸಾಕಾಯಿತು, ಗುಂಡಿಗಳು ಮಾತ್ರ ಒಂದೊಂದು ಮನೆ ಮೇಲೇರಿದ್ದವು.

ಏಳನೆಯ ಸಲ ಎಡವಟ್ಟಾಯಿತು. ಕರಿ ಅಂಗಿಯಲ್ಲಿ ವಧುವಿನ ತಾತನ ಫೋಟೊ ತೆಗೆಯುತ್ತ ಹಿಂದೆ ಹಿಂದೆ ಸರಿದವನು ಹೂದಾನಿಗೆ ಒದ್ದ. ನೀರು, ಹೂವು ಸಮೇತ ಅದು ವರನ ಸೋದರತ್ತೆಯ ಮಡಿಲಿಗೆ ಬಿತ್ತು. ಅವನು ಉಗ್ರಾಣಕ್ಕೆ ಓಡಿದ. ಬಿಳಿ ಅಂಗಿ ತೊಟ್ಟು ಬಾಗಿಲು ತೆರೆದರೆ ಎದುರಿಗೇ ಸೋದರತ್ತೆ, ಮಳೆಯಲ್ಲಿ ನೆನೆದ ಕೋಳಿಯ ಹಾಗೆ.

"ಏನೋ, ನನ್ನ ಮೇಲೆ ನೀರು ಚೆಲ್ಲಿ ಅಂಗಿ ಬದಲಾಯಿಸ್ಕೊಂಡು ಬಂದ್ಯಾ?"

"ಅದು... ನಾನಲ್ಲಮ್ಮಾ. ನಮ್ಮಣ್ಣ."

"ಅಣ್ಣಾನಾ? ಅಚ್ಚೊತ್ತಿದ ಹಾಗೆ ನಿನ್ನದೇ ಮುಖ! ಅವಳಿಗಳಾ?"

"ಹೂಂ. ಅವನು ಹತ್ತು ನಿಮಿಷಕ್ಕೆ ದೊಡ್ಡೋನು."

"ಅದಕ್ಕೇ ಅಷ್ಟು ಕೊಬ್ಬು! ನೀನು ನೋಡು, ಎಷ್ಟು ಸಾಧು."

ಸೋದರತ್ತೆಗೆ ತಿಳಿದದ್ದು ಹಾಲ್‌ಗೆಲ್ಲ ತಿಳಿಯಲು ಐದು ನಿಮಿಷ ಬೇಕಾಯಿತು. ಆರನೆಯ ನಿಮಿಷಕ್ಕೆ ಗಡ್ಡದ ಸಾರ್ ಕರಿ ಅಂಗಿಯ ಕಾಲರ್ ಹಿಡಿದರು. "ಲೋ, ನಿನಗೊಬ್ಬ ತಮ್ಮ ಇದಾನಂತೆ. ಆ ಮೇಡಂ ಹತ್ರ ಇದಾನಂತೆ. ಏಳು ವರ್ಷದಲ್ಲಿ ಒಂದು ಮಾತು ಹೇಳಲಿಲ್ವಲ್ಲೋ!"

"ನಾವು ಮಾತು ಬಿಟ್ಟಿದ್ದೀವಿ ಸಾರ್."

ಈ ಸುಳ್ಳೂ ಸೋದರತ್ತೆಯ ಕಿವಿಗೆ ಬಿತ್ತು. ಆಕೆ ಬಟ್ಟೆ ಒಣಗಿಸಿಕೊಳ್ಳುವುದನ್ನು ಬಿಟ್ಟು ಅಣ್ಣತಮ್ಮಂದಿರನ್ನು ಒಂದು ಮಾಡಲು ಹೊರಟರು. ಬಿಳಿಯವನನ್ನು ಹಿಡಿದು, "ಇಲ್ಲೇ ನಿಂತಿರು, ಅವನನ್ನ ಎಳ್ಕೊಂಡು ಬರ್ತೀನಿ," ಎಂದು ಹೋದರು. ಕರಿಯವನು ಸಿಕ್ಕಿದ. ಅವನ ಕೈ ಹಿಡಿದು ವಾಪಸ್ ಬಂದರೆ ಬಿಳಿಯವನು ಮಾಯ. ಹೀಗೆ ಮೂರು ಸುತ್ತು ಆಯಿತು. "ಎಂಥಾ ಹಟ ಇಬ್ರಿಗೂ! ಒಬ್ರ ಮುಖ ಒಬ್ರು ನೋಡಲ್ವಂತೆ," ಎಂದು ಆಕೆ ಸೆರಗಿನಿಂದ ಗಾಳಿ ಹಾಕಿಕೊಂಡರು.

ಉಂಗುರ ಬದಲಿಸುವ ಹೊತ್ತಿಗೆ ಗಡ್ಡದ ಸಾರ್ ಎಡಗಡೆಯಿಂದ, ಮೇಡಂ ಬಲಗಡೆಯಿಂದ ಒಟ್ಟಿಗೇ ಕೂಗಿದರು: "ಎಲ್ಲೋ ಹೋದೆ?" ಸೆಕೆಂಡ್ ವೇದಿಕೆಯ ಹಿಂದಿನ ಪರದೆಯೊಳಗೆ ನುಗ್ಗಿದ. ಎಡಕ್ಕೆ ಕರಿಯಾಗಿ ಇಣುಕಿದ, ಬಲಕ್ಕೆ ಬಿಳಿಯಾಗಿ ಇಣುಕಿದ, ಮತ್ತೆ ಎಡಕ್ಕೆ, ಮತ್ತೆ ಬಲಕ್ಕೆ. ಒಂದೂ ತಪ್ಪಲಿಲ್ಲ. ಅವನಿಗೇ ನಗು ಬಂತು. ಯಾವ ಅಂಗಿಗೆ ಯಾವ ಕಾರ್ಡ್ ಎಂಬುದೊಂದು ಅದಲುಬದಲಾಯಿತು.

ಊಟ ಮುಗಿದ ಮೇಲೆ ಕರಿಯವನು ಗಡ್ಡದ ಸಾರ್ ಕೈಗೆ ಕಾರ್ಡ್ ಕೊಟ್ಟು ಮರೆಯಾದ. ಸ್ವಲ್ಪ ಹೊತ್ತಿನಲ್ಲಿ ಬಿಳಿಯವನು ಬಂದು ಮೇಡಂಗೆ ಕೊಟ್ಟ. ಇಬ್ಬರೂ ಒಂದೇ ಮೇಜಿಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದರು.

"ಮೇಡಂ, ನನ್ನ ಕಾರ್ಡ್‌ನಲ್ಲಿ ನಿಮ್ಮ ಕಡೆಯ ಫೋಟೊ ಇದೆಯಲ್ಲ," ಎಂದರು ಗಡ್ಡದ ಸಾರ್.

"ನನ್ನದ್ರಲ್ಲಿ ನಿಮ್ಮದಿದೆ."

ಸೆಕೆಂಡ್ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಕಾಪಾಡಿದ್ದು ಸೋದರತ್ತೆ. "ಮಾತು ಬಿಟ್ರೂ ಕಾರ್ಡ್ ಹಂಚ್ಕೊಂಡಿದ್ದಾರೆ ನೋಡಿ! ರಕ್ತಸಂಬಂಧ ಎಲ್ಲಿ ಹೋಗುತ್ತೆ?"

ಮೇಡಂ ಒಂದೊಂದೇ ಫೋಟೊ ಸರಿಸುತ್ತ ಹೋದರು. "ಸಾವಿರದ ಇನ್ನೂರು ಫೋಟೊ. ಒಂದರಲ್ಲೂ ಅಣ್ಣನಿಗೆ ತಮ್ಮ ಅಡ್ಡ ಬಂದಿಲ್ಲ, ತಮ್ಮನಿಗೆ ಅಣ್ಣ ಅಡ್ಡ ಬಂದಿಲ್ಲ! ಇಂಥ ಹೊಂದಾಣಿಕೆ ನಾನು ಕಂಡೇ ಇಲ್ಲ."

"ನಾನೂ ಕಂಡಿಲ್ಲ," ಎಂದು ಗಡ್ಡದ ಸಾರ್ ಗಡ್ಡ ನೀವಿಕೊಂಡರು. ಆಮೇಲೆ ಇಬ್ಬರೂ ತಲೆ ಹತ್ತಿರ ಮಾಡಿ ಕಾಲು ಗಂಟೆ ಪಿಸುಗುಟ್ಟಿದರು.

ಕೊನೆಗೆ ಮೇಡಂ ಹೇಳಿದರು: "ಇನ್ಮೇಲೆ ನಮ್ಮಿಬ್ರದ್ದೂ ಒಂದೇ ಸ್ಟುಡಿಯೊ. ನಿಮ್ಮಿಬ್ರಲ್ಲಿ ಒಬ್ರಿಗೆ ಮುಖ್ಯ ಕ್ಯಾಮೆರಾ."

ಸೆಕೆಂಡ್‌ನ ಎದೆ ಬ್ಯಾಂಡ್ ಬಾರಿಸಿತು. ಬಾಯಿ ತೆರೆಯುವಷ್ಟರಲ್ಲಿ ಸೋದರತ್ತೆ ಬಾಯಿ ಹಾಕಿದರು: "ದೊಡ್ಡೋನು ಇರುವಾಗ ಚಿಕ್ಕೋನಿಗೆ ಕೊಟ್ರೆ ಚೆನ್ನಾಗಿರುತ್ತಾ?"

"ಅದೂ ನಿಜ," ಎಂದರು ಮೇಡಂ. "ನಿಮ್ಮಣ್ಣ ಮುಖ್ಯ ಕ್ಯಾಮೆರಾ, ನೀನು ಅವನಿಗೆ ಸೆಕೆಂಡ್. ಹೊಟ್ಟೆಕಿಚ್ಚು ಪಡಬೇಡ, ಒಡಹುಟ್ಟಿದೋನು. ಸೋಮವಾರ ಒಂಬತ್ತಕ್ಕೆ ಇಬ್ರೂ ಒಟ್ಟಿಗೆ ಬನ್ನಿ. ಒಬ್ನೇ ಬಂದ್ರೆ ಇಬ್ರಿಗೂ ಕೆಲಸ ಇಲ್ಲ."

ಮನೆಯ ಬಾಗಿಲಲ್ಲೇ ಹೆಂಡತಿ ಕಾದಿದ್ದಳು. "ಸಿಕ್ತಾ ಮುಖ್ಯ ಕ್ಯಾಮೆರಾ?"

"ಸಿಕ್ತು. ಅಣ್ಣನಿಗೆ."

"ಯಾವ ಅಣ್ಣ ರೀ? ಒಬ್ನೇ ಮಗ, ಪಾಲು ಕೇಳೋರಿಲ್ಲ ಅಂತಲೇ ಅಲ್ವಾ ನಮ್ಮಪ್ಪ ನನ್ನನ್ನ ನಿಮಗೆ ಕೊಟ್ಟಿದ್ದು!"

ಸೆಕೆಂಡ್ ಒಳಗೆ ಬಂದ. ಬಿಳಿ ಅಂಗಿಯನ್ನು ಕುರ್ಚಿಯ ಮೇಲೆ ಎಸೆದ. ಕರಿ ಅಂಗಿಯನ್ನು ಕೊಡವಿ, ಕಾಲರ್ ಸರಿಮಾಡಿ, ಜೋಪಾನವಾಗಿ ಗೂಟಕ್ಕೆ ಹಾಕಿದ. ಎಷ್ಟಾದರೂ ಅಣ್ಣ.