ಭಾವನ ದೋಣಿಗೆ ಟವರ್ ನಿಲ್ಲಿಸಿದ್ದು

ಹಾರ್ಡ್‌ವೇರ್ ಅಂಗಡಿ ಇಟ್ಟವನಿಗೆ ಅಂಗಡಿಯ ಸಾಮಾನುಗಳನ್ನೆಲ್ಲ ಜೋಡಿಸಲೂ ಬರುತ್ತದೆ ಎಂದು ಜನ ಯಾಕೆ ನಂಬುತ್ತಾರೋ ನನಗೆ ತಿಳಿಯದು. ಔಷಧದ ಅಂಗಡಿಯವನ ಹತ್ತಿರ ಯಾರೂ ಆಪರೇಷನ್ ಮಾಡು ಎನ್ನುವುದಿಲ್ಲ. ನಾನು ಮಾತ್ರ ಪುತ್ತೂರಿನಲ್ಲಿ ನಟ್ಟು ಬೋಲ್ಟು ಮಾರುತ್ತೇನೆಂಬ ಒಂದೇ ಕಾರಣಕ್ಕೆ ನೆಂಟರಿಷ್ಟರ ಪಂಪು, ಗೇಟು, ಮಿಕ್ಸಿಗಳಿಗೆಲ್ಲ ಸಲಹೆಗಾರನಾಗಿದ್ದೇನೆ. ನಮ್ಮ ಬಚ್ಚಲುಮನೆಯ ಚಿಲಕ ಸಡಿಲವಾದರೆ ಇವತ್ತಿಗೂ ಬಿಗಿ ಮಾಡುವವಳು ನನ್ನ ಹೆಂಡತಿ ಎಂಬುದು ಅವರಿಗೆ ಗೊತ್ತಿಲ್ಲ. ಹಾಗಾಗಿ ಕಾಣಿಯೂರಿನ ಹತ್ತಿರ ಹೊಳೆಬದಿಯಲ್ಲಿ ಹೋಂಸ್ಟೇ ನಡೆಸುವ ನನ್ನ ತಂಗಿಯ ಗಂಡ ಪದ್ಮನಾಭ ಭಾವ ಫೋನ್ ಮಾಡಿ, ದೋಣಿಗೆ ಟವರ್ ಹಾಕಲಿಕ್ಕುಂಟು, ನೀವು ಬರಲೇಬೇಕು ಎಂದಾಗ ಇಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಭಾವನ ಬಳಿ ಇಂಜಿನ್ ಇರುವ ಒಂದು ಫೈಬರ್ ದೋಣಿ ಇದೆ. ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕಿದ ಮೇಲೆ ಹೊಳೆಯ ನೀರು ಕೆರೆಯಂತೆ ನಿಲ್ಲುತ್ತದೆ; ಅದರಲ್ಲಿ ಅತಿಥಿಗಳನ್ನು ಸುತ್ತಾಡಿಸುತ್ತಾರೆ. ಈ ವರ್ಷ ಅವರು ನೀರಾಟದ ಹಲಗೆಯೊಂದನ್ನು ಹೊಸದಾಗಿ ತರಿಸಿದ್ದರು. ಅದರ ಮೇಲೆ ಮಂಡಿಯೂರಿ ಕೂತು ಹಗ್ಗ ಹಿಡಿದುಕೊಂಡರೆ ದೋಣಿ ನಮ್ಮನ್ನು ನೀರಿನ ಮೇಲೆ ಎಳೆದುಕೊಂಡು ಹೋಗುತ್ತದೆ. ಹಗ್ಗವನ್ನು ದೋಣಿಯ ಹಿಂಬದಿಯಲ್ಲಿ ತಗ್ಗಿಗೆ ಕಟ್ಟಿದರೆ ಅದು ನೀರಿನಲ್ಲಿ ತೇಲಾಡಿ ಇಂಜಿನ್ನಿನ ರೆಕ್ಕೆಯ ಹತ್ತಿರ ಹೋಗುತ್ತದೆ. ಆದ್ದರಿಂದ ದೋಣಿಯ ನಡುವೆ ಪೈಪಿನ ಕಮಾನೊಂದನ್ನು ನಿಲ್ಲಿಸಿ, ಹಗ್ಗವನ್ನು ತಲೆಯ ಎತ್ತರದಲ್ಲಿ ಕಟ್ಟಬೇಕು. ಅದಕ್ಕೇ ಟವರ್ ಎಂಬ ಹೆಸರು. ಭಾವನ ಮನೆಗೆ ಟವರ್ ಬರುತ್ತದೆ ಎಂಬ ಸುದ್ದಿ ಕೇಳಿ ನೆರೆಕರೆಯ ಇಬ್ಬರು ಮೊಬೈಲ್ ಹಿಡಿದುಕೊಂಡು ರೇಂಜ್ ಯಾವಾಗ ಸಿಗುತ್ತದೆಂದು ವಿಚಾರಿಸಲು ಬಂದಿದ್ದರು. ವಿಷಯ ತಿಳಿದು, ಕಾಫಿ ಕುಡಿದು, ಸಪ್ಪೆ ಮುಖ ಮಾಡಿಕೊಂಡು ಹೋದರು.

ಕಮಾನು ಮಾಡಿದವರು ಕಡಬದ ಹಮೀದ್. ಅವರ ನಿತ್ಯದ ಕೆಲಸ ಗೇಟು ಮಾಡುವುದು, ಮನೆಗಳಿಗೆ ಶೀಟಿನ ಮಾಡು ಹೊದಿಸುವುದು. ಪೈಪನ್ನು ಚೆನ್ನಾಗಿಯೇ ಬಗ್ಗಿಸಿದ್ದರು. ಕೈ ರೂಢಿಯಿಂದ ಎರಡೂ ಮೂಲೆಗೆ ಗೇಟಿಗೆ ಹಾಕುವಂಥ ಭರ್ಜಿಯ ತುದಿ ಬೆಸೆದಿದ್ದರು. ನನ್ನ ತಂಗಿ ಸುಮಿತ್ರಾ ಅದನ್ನು ಕತ್ತರಿಸಿ ತೆಗೆಸಿದಳು. ನಾನು ಅಂಗಡಿಯಿಂದ ತಂದ ಬೋಲ್ಟುಗಳಿಂದ ಕಮಾನಿನ ಕಾಲುಗಳನ್ನು ದೋಣಿಯ ಎರಡೂ ಅಂಚಿಗೆ ಬಿಗಿದೆವು. ನೋಡಲಿಕ್ಕೆ ಚಂದವಿತ್ತು. ಭಾವ ಫೋಟೋ ತೆಗೆದು ಸ್ಟೇಟಸ್ ಹಾಕಿದರು. ಆಮೇಲೆ, ಮೊದಲು ಹಲಗೆಯ ಮೇಲೆ ಹೋಗುವವಳು ಸುಮಿತ್ರಾ ಎಂದರು. ಅಲ್ಲಿಯವರೆಗೆ ನನ್ನ ಬೋಲ್ಟುಗಳ ಮೇಲೆ ನನಗೆ ಯಾವ ಸಂಶಯವೂ ಇರಲಿಲ್ಲ.

ಹೆದರಿಕೆ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ, ಟೆಸ್ಟಿಂಗ್ ಎಂದೆ. ಹಗ್ಗವನ್ನು ಮೊದಲು ದಡದ ಮಾವಿನ ಮರಕ್ಕೆ ಕಟ್ಟಿ ಇಂಜಿನ್ ಕೊಟ್ಟು ನೋಡುವ ಎಂದು ಸೂಚಿಸಿದೆ.

“ಮರ ಎಳೀಲಿಕ್ಕಾ ಭಾವ ನಾನು ದೋಣಿ ತಂದದ್ದು?” ಎಂದರು ಪದ್ಮನಾಭ ಭಾವ. ಆದರೂ ಕಟ್ಟಿದರು.

ಇಂಜಿನ್ ಜೋರಾಯಿತು. ಹಗ್ಗ ಬಿಗಿಯಿತು. ಕಮಾನು ಮರಕ್ಕೆ ನಮಸ್ಕಾರ ಮಾಡುವವರಂತೆ ನಿಧಾನವಾಗಿ ಹಿಂದಕ್ಕೆ ಬಾಗಿತು. ಆಮೇಲೆ ಟಕ್ಕೆಂದು ಸದ್ದಾಗಿ, ಎಡಗಡೆಯ ಬೋಲ್ಟು ಫೈಬರನ್ನು ಹರಿದುಕೊಂಡು ಮೇಲೆ ಬಂತು. ಭಾವ ಇಂಜಿನ್ ನಿಲ್ಲಿಸಿದರು. ಹಗ್ಗದ ಆ ತುದಿಯಲ್ಲಿ ಮರದ ಬದಲು ತಂಗಿ ಇದ್ದಿದ್ದರೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ದಡದಲ್ಲಿ ಕೂತು ಚರ್ಚೆ ಮಾಡಿದೆವು. ಹಮೀದ್ ಪೈಪು ದಪ್ಪ ಆಗಬೇಕೆಂದರು. ಭಾವ ಬೋಲ್ಟು ಹೆಚ್ಚಾಗಬೇಕೆಂದರು. ನಾನು ವಾಷರ್ ದೊಡ್ಡದಾಗಬೇಕೆಂದೆ. ಅಂಗಡಿಯಲ್ಲಿ ಮಾರಿ ಹೋಗದೆ ಉಳಿದ ದೊಡ್ಡ ವಾಷರುಗಳಿದ್ದವು. ಆದರೆ ಒಡೆದ ಜಾಗವನ್ನು ಮತ್ತೆ ಮತ್ತೆ ನೋಡಿದಾಗ ಮೂವರಿಗೂ ಅರ್ಥವಾಯಿತು: ಕಮಾನು ಗಟ್ಟಿಯೇ ಇದೆ, ಅದನ್ನು ಹಿಡಿದುಕೊಂಡಿರುವ ಅಂಚು ತೆಳ್ಳಗೆ. ಹಮೀದ್ ಕಮಾನಿನ ಹೆಗಲಿನಿಂದ ದೋಣಿಯ ಮುಂಬದಿಗೆ ಓರೆಯಾಗಿ ಎರಡು ಊರುಗಾಲು ಕೊಟ್ಟರು, ಹಿಂದಕ್ಕೆ ಎಳೆದಾಗ ತಡೆಯಲಿಕ್ಕೆ. ಹರಿದ ಜಾಗಕ್ಕೆ ಹೊಸ ಫೈಬರ್ ಹಚ್ಚಿಸಿ, ಪ್ರತಿ ಕಾಲಿನ ಅಡಿಗೂ ಒಳಗಿನಿಂದ ನೀರು ತಾಗದ ಪ್ಲೈವುಡ್ಡನ್ನು ಅಂಟಿಸಿ, ಅದರ ಕೆಳಗೆ ಅಂಗೈಗಿಂತ ಅಗಲವಾದ ಅಲ್ಯೂಮಿನಿಯಂ ತಗಡು ಕೊಟ್ಟೆವು.

ನಟ್ಟನ್ನು ಒಳಗಿನಿಂದ ಹಾಕಬೇಕಿತ್ತು. ಅಲ್ಲಿಗೆ ಇದ್ದದ್ದು ಸೀಟಿನ ಕೆಳಗಿನ ಒಂದು ಚಿಕ್ಕ ಕಿಂಡಿ. ಹಮೀದರ ತೋಳು ದಪ್ಪ, ಭಾವನದ್ದು ಗಿಡ್ಡ. ನಾನು ಅಂಗಾತ ಮಲಗಿ ಕೈ ತೂರಿಸಿ ನಟ್ಟುಗಳನ್ನೆಲ್ಲ ಬಿಗಿ ಮಾಡಿದೆ. ನನ್ನ ಜೀವನದಲ್ಲಿ ನಾನಾಗಿ ಮಾಡಿದ ಮೊದಲ ಹಾರ್ಡ್‌ವೇರ್ ಕೆಲಸ ಅದು. ಮುಗಿದ ಮೇಲೆ ಕೈ ಹೊರಗೆ ಬರಲಿಲ್ಲ. ಅಷ್ಟರಲ್ಲಿ ಭಾವನಿಗೆ ಯಾರೋ ಅತಿಥಿಯ ಫೋನ್ ಬಂತು; ನಮ್ಮಲ್ಲಿ ಎಲ್ಲಾ ಸೌಕರ್ಯ ಉಂಟು ಎಂದು ಹೇಳುತ್ತಾ ಅವರು ರೇಂಜ್ ಹುಡುಕಿಕೊಂಡು ಗುಡ್ಡ ಹತ್ತಿದರು. ಹಮೀದ್ ಕಿಂಡಿಯನ್ನು ದೊಡ್ಡದು ಮಾಡಲು ಕಟ್ಟರ್ ತರುತ್ತೇನೆಂದಾಗ ನಾನು ಬೇಡವೆಂದು ಕೈಮುಗಿಯಬೇಕೆಂದಿದ್ದೆ. ಒಂದೇ ಕೈ ಇತ್ತು.

ಸುಮಿತ್ರಾ ತೆಂಗಿನೆಣ್ಣೆ ತಂದು ಕಿಂಡಿಗೆ ಹೊಯ್ದು, ನನ್ನ ತಲೆಯ ಹತ್ತಿರ ಕೂತಳು. ಐವತ್ತು ದಾಟಿದ ಮೇಲೆ ನಿನಗೆ ಈ ಹುಚ್ಚು ಎಂತಕ್ಕೆ ಎಂದು ಕೇಳಿದೆ.

“ಬಂದವರಿಗೆಲ್ಲ ಲೈಫ್ ಜಾಕೆಟ್ ಕಟ್ಟುದೇ ಆಯ್ತು ಅಣ್ಣ ನನ್ನ ಕೆಲಸ,” ಎಂದಳು. “ಒಂದು ಸಲ ನಂಗೂ ಯಾರಾದ್ರೂ ಕಟ್ಟಲಿ.”

ಕೈ ಮೆಲ್ಲಗೆ ಜಾರಿ ಹೊರಗೆ ಬಂತು.

ಮಾರನೆಯ ಬೆಳಿಗ್ಗೆ ಮತ್ತೆ ಮರಕ್ಕೆ ಕಟ್ಟಿ ಎಳೆದೆವು. ಇಂಜಿನ್ ಎಷ್ಟು ಕೂಗಿದರೂ ಟವರ್ ಅಲುಗಲಿಲ್ಲ. ಮಾವಿನ ಎಲೆಗಳು ಉದುರಿದವು, ಅಷ್ಟೆ. ಸುಮಿತ್ರಾಳಿಗೆ ಜಾಕೆಟ್ ನಾನೇ ಕಟ್ಟಿದೆ. ಭಾವ ದೋಣಿ ಬಿಟ್ಟರು. ಅವಳ ಮೇಲೆ ಕಣ್ಣಿಡಲು ನಾನು ಹಿಂದಕ್ಕೆ ಮುಖ ಮಾಡಿ ಟವರಿನ ಬುಡದಲ್ಲಿ ಕೂತೆ. ಅಣೆಕಟ್ಟಿನ ಹತ್ತಿರದವರೆಗೆ ಹೋಗಿ ತಿರುಗಿ ಬಂದೆವು.

ದಡಕ್ಕೆ ಬಂದಾಗ ಅವಳ ಮುಖ ನಾನು ಬಹಳ ವರ್ಷಗಳಿಂದ ಕಾಣದಷ್ಟು ಹಗುರವಾಗಿತ್ತು. “ಅಣ್ಣ, ಆ ತಿರುವಲ್ಲಿ ಒಂದು ಕೈ ಬಿಟ್ಟು ನಿಂಗೆ ಟಾಟಾ ಮಾಡಿದೆ. ಕಂಡಿತಾ?”

“ಒಂದು ನಟ್ಟೂ ಅಲುಗಾಡ್ಲಿಲ್ಲ ಸುಮಿತ್ರಾ,” ಎಂದೆ.

ಅವಳಿಗೆ ಗೊತ್ತಾಯಿತು. ಹಾಗಾದ್ರೆ ಇನ್ನೊಂದು ಸಲ ಹೋಗುವ, ಈ ಸಲ ನನ್ನನ್ನು ನೋಡು ಎಂದಳು. ಎರಡನೆಯ ಸಲ ಅವಳನ್ನೇ ನೋಡಿದೆ. ಅವಳು ಕೈ ಬೀಸಿದಾಗ ನಾನೂ ಬಲಗೈ ಬೀಸಿದೆ. ಎಡಗೈಯಲ್ಲಿ ಟವರಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ನೀವು ಹಿಡಿಯದಿದ್ದರೂ ಅದು ನಿಲ್ಲುತ್ತಿತ್ತು ಎಂದು ಭಾವ ಈಗಲೂ ಹೇಳುತ್ತಾರೆ. ಇರಬಹುದು.