ಅತ್ತೆಯ ತಲೆಗೇರಿದ ರುಮಾಲು

ನಮ್ಮ ಅತ್ತೆ ಹುಟ್ಟಿದಾಗ ಎಲ್ಲ ಕೂಸುಗಳಂತೆ ಅಳಲಿಲ್ಲವಂತೆ. ಬಿಸಿನೀರು ತಡವಾಯಿತೆಂದು ಸೂಲಗಿತ್ತಿಯನ್ನು ಗದರಿಸಿದಳಂತೆ! ಬಬಲೇಶ್ವರದ ನಮ್ಮ ಅಜ್ಜಿ ಇದನ್ನು ಆಣೆ ಮಾಡಿ ಹೇಳುತ್ತಿದ್ದಳು. ನಂಬುವುದಿಲ್ಲವೇ? ನೀವು ಅತ್ತೆಯನ್ನು ನೋಡಿಲ್ಲ, ಅದಕ್ಕೆ!

ಅಪ್ಪನ ಈ ಅಕ್ಕನನ್ನು ಟಿಕೋಟಾಕ್ಕೆ ಕೊಟ್ಟಿದ್ದರು. ಗಂಡ ತೀರಿದ ಮೇಲೆ ವಿಜಾಪುರದ ನಮ್ಮ ಮನೆಗೆ ಬಂದಳು. ಬಂದ ಮರುದಿನವೇ ನನ್ನ ಜೊತೆ ಹತ್ತಿಯ ಬೀಜ ಬಿಡಿಸುವ ಜಿನ್ನಿನ ಕಾರ್ಖಾನೆಗೆ ಹೊರಟಳು. ಯಂತ್ರಗಳಿಗೆ ಹತ್ತಿ ಉಣಿಸುವ ಹೆಂಗಸರು ನಾವು. ಅಂಡಿಗೆ ಎಂಬ ಹತ್ತಿಯ ದೊಡ್ಡ ಚೀಲ ಹೊರುವವರು ಗಂಡಸರು. ಎಲ್ಲರ ಮೇಲೊಬ್ಬ ಮುಕಾದಮ. ಮಹಾಯುದ್ಧದ ಕಾಲ ನೋಡಿ, ಆ ಮುಕಾದಮ ಪಲ್ಟನ್ನು ಸೇರಿ ಹೋಗಿಬಿಟ್ಟ. ಅತ್ತೆ ನೆಟ್ಟಗೆ ಹೋಗಿ ಮಾಲಕರ ಮುಂದೆ ನಿಂತಳು.

"ಆ ಕೆಲಸಾ ನನಗ ಕೊಡ್ರಿ."

ಮಾಲಕರು ನಕ್ಕರು. "ಮುಕಾದಮ ಅಂದ್ರ ತಲಿಮ್ಯಾಲ ರುಮಾಲ ಇರಬೇಕವಾ."

ಮರುದಿನ ಅತ್ತೆ ಅಪ್ಪನ ಕೆಂಪು ರುಮಾಲು ಸುತ್ತಿಕೊಂಡು ಬಂದಳು! ಅಲ್ಲಿ ಅಪ್ಪ ಬೋಳುತಲೆಯಲ್ಲಿ ಮನೆಯೆಲ್ಲ ಹುಡುಕುತ್ತಿದ್ದ.

"ಈಗರ ಆತೇನ್ರಿ?"

ಮಾಲಕರಿಗೆ ತಾವಾಡಿದ ಮಾತೇ ಕುತ್ತಿಗೆಗೆ ಬಂತು. ಗಂಡಾಳು ಸಿಗುವತನಕ ಮಾತ್ರ ಎಂದು ಒಪ್ಪಿದರು.

ಅಂಡಿಗೆ ಹೊರುವವರ ಹಿರಿಯ ಗಿರಿಜಾ ಮೀಸೆಯ ಒಬ್ಬ ಮುದುಕ. ಅವನು ಮೀಸೆ ತಿರುವಿ ಹೇಳಿದ, "ಹೆಣ್ಣಮಗಳ ಹುಕುಮಿನಾಗ ನಾ ದುಡಿಯಾಂವಲ್ಲ."

"ನಿಮ್ಮವ್ವ ಉಣ್ಣಾಕ ಬಾ ಅಂದ್ರ ಹೋಗತಿದ್ದಿಲ್ಲೇನಪಾ?"

"ಆಕಿ ನಮ್ಮವ್ವ!"

"ಹಂಗಾರ ನನಗೂ ಅವ್ವಾ ಅನ್ನು, ಅಂಡಿಗಿ ಎತ್ತು."

ವಯಸ್ಸಿನಲ್ಲಿ ಅತ್ತೆಗೆ ತಂದೆಯಂತಿದ್ದವನು ಅಂದಿನಿಂದ ಮಗನಾದ! ಅವನಿಗೆ ಜ್ವರ ಬಂದಾಗ ಅತ್ತೆ ಅಂಡಿಗೆ ಮುಟ್ಟಗೊಡಲಿಲ್ಲ. ಬೇವಿನ ನೆರಳಲ್ಲಿ ಕೂರಿಸಿ ಗಂಜಿ ಕುಡಿಸಿದಳು. ಅದೇ ಬೇವಿನ ಕೆಳಗೆ ಬಾಣಂತಿಯರು ಕೂಸುಗಳಿಗೆ ಹಾಲೂಡಿಸಿ ಬರಲು ನಡುನಡುವೆ ಬಿಡುತ್ತಿದ್ದಳು. ಮಾಲಕರು ಸಿಡುಕಿದರು.

"ಎಷ್ಟೊತ್ತ ಕುಡಸ್ತಾರ ಇವ್ರು?"

"ನನಗೇನ ಗೊತ್ತರಿ? ಕೂಸಿನ್ನ ಕೇಳ್ರಿ!"

ಇಷ್ಟಾದರೂ ಕೆಲಸ ನಿಂತಿತೇ? ಜಿನ್ನು ಮೊದಲಿಗಿಂತ ಭರದಿಂದ ಓಡಿತು! ಆದರೇನು, ಕೊನೆಗೂ ಗಂಡಾಳು ಸಿಕ್ಕ. ನಿಡೋಣಿಯಿಂದ ಬಂದ ಮಾಲಕರ ಅಳಿಯ. ಜಿನ್ನು ಎಂಬುದನ್ನು ಅಂದೇ ಮೊದಲು ನೋಡಿದವನು.

"ಇನ್ನ ಮ್ಯಾಲ ಇಂವ ಮುಕಾದಮ. ಇಂವಗ ಎಲ್ಲಾ ಕಲಿಸಿಕೊಡವಾ" ಎಂದರು ಮಾಲಕರು.

ಅತ್ತೆಯ ಮುಖ ಒಂದು ಗಳಿಗೆ ಕಳೆಗುಂದಿತು. ಸುತ್ತಿದ ರುಮಾಲನ್ನು ಹಾಗೇ ತೆಗೆದು ಅವನ ತಲೆಗಿಟ್ಟಳು. ಅದು ಜಾರಿ ಮೂಗಿನ ಮೇಲೆ ಬಂದು ನಿಂತಿತು! ಅತ್ತೆ ಬಂದು ನನ್ನ ಪಕ್ಕ ಹತ್ತಿ ಉಣಿಸತೊಡಗಿದಳು.

"ಎತ್ರಿ ಅಂಡಿಗಿ!" ಎಂದ ಅಳಿಯ.

ಮೀಸೆಯ ಮುದುಕ ಅಂಡಿಗೆಯ ಮೇಲೆಯೇ ಕುಳಿತುಬಿಟ್ಟ. "ನಮ್ಮವ್ವ ಹೇಳಲಿ, ಎತ್ತತೇನಿ."

ಉಳಿದವರೂ ಕುಳಿತರು. ನಾವು ಹೆಂಗಸರು ಕೈಕಟ್ಟಿ ನಿಂತೆವು. ಹತ್ತಿಯಿಲ್ಲದೆ ಯಂತ್ರಗಳು ಬರಿದೆ ತಿರುಗಿದವು. ನನ್ನ ಎದೆ ಅವುಗಳಿಗಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು! ಎಲ್ಲರನ್ನೂ ಹೊರಗೆ ಹಾಕಿದರೆ?

ಮಾಲಕರು ಓಡಿ ಬಂದು ಅತ್ತೆಯನ್ನು ಕೇಳಿದರು, "ಏನವಾ ಇದು? ಕೆಲಸಾ ಯಾಕ ನಿಂತೈತಿ?"

ಅತ್ತೆ ಅಳಿಯನತ್ತ ಕೈಮಾಡಿದಳು. "ಮುಕಾದಮರನ್ನ ಕೇಳ್ರಿ."

ಅಳಿಯ ರುಮಾಲೆತ್ತಿ ಅದರಡಿಯಿಂದ ಇಣುಕಿದ. "ಮಾವಾ, ನನ್ನ ಊರಿಗಿ ಕಳಿಸಿಬಿಡ್ರಿ!"

ಕಾರ್ಖಾನೆಗೆ ಕಾರ್ಖಾನೆಯೇ ನಕ್ಕಿತು. ಬಿಗಿದುಕೊಂಡು ನಿಂತಿದ್ದ ಮಾಲಕರೂ ಕೊನೆಗೆ ನಕ್ಕುಬಿಟ್ಟರು. "ರುಮಾಲ ಸುತ್ತಿಕೋವಾ" ಎಂದರು. ಈ ಸಲ ಎಲ್ಲಿಯತನಕ ಎಂದು ಹೇಳಲಿಲ್ಲ!

ಸಂಜೆ ಮನೆಗೆ ಬರುವಾಗ ನಾನು ದಾರಿಯುದ್ದಕ್ಕೂ ಕುಣಿಯುತ್ತಿದ್ದೆ. ತಿರುಗಿ ನೋಡಿದರೆ ಅತ್ತೆ ಇಲ್ಲ! ಹಿಂದೆ, ಕೋಟೆಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ತುಂಬಿತ್ತು.

"ಯಾಕತ್ತಿ? ಗೆದ್ದಿಯಲ್ಲ!"

"ನಿಮ್ಮ ಮಾವ ಸತ್ತಾಗ ಟಿಕೋಟಾದಾಗ ಒಬ್ಬರರ ನನಗ ಇಲ್ಲೇ ಇರು ಅನ್ಲಿಲ್ಲ ಬೇ" ಎಂದಳು. "ಇವತ್ತ ಅಷ್ಟೂ ಮಂದಿ ನಾನ ಬೇಕಂತ ಕುಂತ್ರಲ್ಲ..."

ನಾನು ಪಕ್ಕದಲ್ಲಿ ಕುಳಿತು ಅವಳ ಒರಟು ಕೈಯನ್ನು ಮಡಿಲಲ್ಲಿಟ್ಟುಕೊಂಡೆ. ಮನೆಗೆ ಹೋಗುವ ಅವಸರ ಇಬ್ಬರಿಗೂ ಇರಲಿಲ್ಲ.